ಹುಣಸವಾಡಿಯ ಮೂರನೇ ಒಡ್ಡು

ಹುಣಸವಾಡಿಯ ಜಲಾನಯನ ಸಂಘದ ಯಾದಿಯಲ್ಲಿ ಸುಂದರಬಾಯಿಯ ಹೆಸರು ಸೇರಿದ್ದು ಆಕೆ ಮಾತಾಡುವುದಿಲ್ಲ ಎಂಬ ಕಾರಣಕ್ಕೆ. ೧೯೯೫ರ ಬೇಸಿಗೆಯಲ್ಲಿ ಆಳಂದದಿಂದ ಒಂದು ಸಂಸ್ಥೆಯವರು ಬಂದು, ಊರವರೇ ಸಂಘ ಕಟ್ಟಿಕೊಂಡು ಹೊಲಗಳಿಗೆ ಒಡ್ಡು ಹಾಕಿಕೊಳ್ಳಬೇಕು, ಮಳೆಯ ನೀರನ್ನೂ ಮಣ್ಣನ್ನೂ ಊರಲ್ಲೇ ಹಿಡಿದು ನಿಲ್ಲಿಸಬೇಕು, ಸಂಘದಲ್ಲಿ ಹೆಂಗಸರೂ ಇರಲೇಬೇಕು ಎಂದು ಹೇಳಿ ಹೋಗಿದ್ದರು. ಅಧ್ಯಕ್ಷನಾಗುವವನು ಶಾಂತಲಿಂಗಪ್ಪ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹೆಂಗಸರ ಜಾಗಕ್ಕೆ ಅವನು ತೀರಿಹೋದ ತನ್ನ ತಮ್ಮನ ಹೆಂಡತಿಯ ಹೆಸರು ಬರೆಸಿದ. ಏಳನೇ ಇಯತ್ತೆ ಓದಿದ್ದಾಳೆ, ಸಹಿ ಮಾಡುತ್ತಾಳೆ, ತಲೆಯ ಮೇಲಿನ ಸೆರಗು ಜಾರಗೊಡುವುದಿಲ್ಲ. ಇಷ್ಟು ಸಾಕಾಗಿತ್ತು.

ಸುಂದರಬಾಯಿಗೆ ಆಗ ಮೂವತ್ತೆಂಟು ವರ್ಷ. ಗಂಡ ಕಲ್ಯಾಣಪ್ಪ ಕಾಮಾಲೆಯಲ್ಲಿ ಹೋಗಿ ಆರು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಗಂಡ ಹೋದ ಮರುವರ್ಷ ಹಿರಿಯರು ಕೂತು ಮನೆಯನ್ನೂ ಹೊಲವನ್ನೂ ಪಾಲು ಮಾಡಿಕೊಟ್ಟರು. ಪಡಸಾಲೆಯ ನಡುವೆ ಒಂದು ಗೋಡೆ ಎದ್ದಿತು. ಗೋಡೆಗೆ ಒಂದು ಬಾಗಿಲು ಇಟ್ಟರು. ಆಚೆ ಭಾವ ಶಾಂತಲಿಂಗಪ್ಪ, ನೆಗೆಣ್ಣಿ ಸುಭದ್ರಾಬಾಯಿ, ಅವರ ಮೂವರು ಮಕ್ಕಳು. ಈಚೆ ಸುಂದರಬಾಯಿ ಒಬ್ಬಳೇ. ಆ ಬಾಗಿಲಿಗೆ ಅಗುಳಿ ಇದ್ದರೂ ಹಾಕಿದವರಿರಲಿಲ್ಲ. ಬೆಳಿಗ್ಗೆ ಆ ಕಡೆಯಿಂದ ಮಜ್ಜಿಗೆ ಬರುತ್ತಿತ್ತು, ಈ ಕಡೆಯಿಂದ ಚಟ್ನಿ ಹೋಗುತ್ತಿತ್ತು. ಸಂಜೆ ನೆಗೆಣ್ಣಿಯರಿಬ್ಬರೂ ಹೊಸ್ತಿಲ ಆಚೆ ಈಚೆ ಕೂತು ತೊಗರಿ ಹಸನು ಮಾಡುತ್ತ ಮಾತಾಡುತ್ತಿದ್ದರು. ಭಾವನ ಮುಂದೆ ಮಾತ್ರ ಸುಂದರಬಾಯಿ ಬಾಯಿ ಬಿಟ್ಟವಳಲ್ಲ. ಹದಿನೆಂಟು ವರ್ಷದಲ್ಲಿ ಅವನಿಗೆ ಏನಾದರೂ ಹೇಳಬೇಕಾದಾಗಲೆಲ್ಲ ಸುಭದ್ರಾಬಾಯಿಗೆ ಹೇಳಿ, ಆಕೆಯ ಬಾಯಿಂದ ಹೇಳಿಸಿದ್ದಳು. ಆ ಮನೆಯ ರೀತಿಯೇ ಹಾಗಿತ್ತು.

ಸಂಘದ ಸದಸ್ಯರಿಗೆ ಆಳಂದದಲ್ಲಿ ಐದು ದಿನದ ತರಬೇತಿ ಶಿಬಿರ ಎಂದು ಚೀಟಿ ಬಂತು. ಹುಣಸವಾಡಿಯಿಂದ ನಾಲ್ಕು ಜನ ಹೋಗಬೇಕಿತ್ತು. ಮೂವರು ಗಂಡಸರು ಬಿತ್ತನೆಗೆ ಹೊಲ ಹದ ಮಾಡುವ ನೆಪ ಹೇಳಿ ಎರಡನೇ ದಿನವೇ ಊರಿಗೆ ಮರಳಿದರು. ಸುಂದರಬಾಯಿ ಐದೂ ದಿನ ಉಳಿದಳು. ಒಬ್ಬಳೇ ಊರ ಕಡೆಯ ಮಾದನಹಿಪ್ಪರಗಾದ ಬಸ್ಸು ಹತ್ತಿ ಬರುವ ಧೈರ್ಯವಿಲ್ಲದೆ ಉಳಿದಳು ಎಂದು ಊರವರು ತಿಳಿದರು. ಮೊದಲ ಎರಡು ದಿನದ ಮಟ್ಟಿಗೆ ಅದು ನಿಜವೂ ಆಗಿತ್ತು.

ಮೂರನೇ ದಿನ ಯಾಕೂಬಸಾಬ ಎಂಬ ಶಿಕ್ಷಕ ಎಲ್ಲರನ್ನೂ ಊರ ಹೊರಗಿನ ಒಂದು ಇಳಿಜಾರು ಹೊಲಕ್ಕೆ ಕರೆದುಕೊಂಡು ಹೋದ. ಅಫಜಲಪುರದವನು, ಐವತ್ತೈದರ ಮೇಲಾದವನು. ಅವನ ತಂದೆ ಬಾವಿ ತೋಡುವ ಗುತ್ತಿಗೆದಾರನಾಗಿದ್ದನಂತೆ. ಅವನ ಕೈಯಲ್ಲಿ ಎರಡು ಕೋಲುಗಳಿದ್ದವು, ಒಂದೊಂದರ ಮೇಲೂ ಅಳತೆಪಟ್ಟಿಯ ಗೆರೆಗಳು. ಎರಡು ಕೋಲನ್ನೂ ಕೂಡಿಸುವ ಹಾಗೆ ನೀರು ತುಂಬಿದ ಒಂದು ಉದ್ದನೆಯ ಪಾರದರ್ಶಕ ಪೈಪು. ಒಬ್ಬರು ಒಂದು ಕೋಲು ಹಿಡಿದು ನಿಲ್ಲಬೇಕು, ಇನ್ನೊಬ್ಬರು ಇನ್ನೊಂದನ್ನು ಹಿಡಿದು ಹತ್ತು ಮಾರು ದೂರ ಹೋಗಬೇಕು. ಎರಡು ಕೋಲಿನಲ್ಲೂ ನೀರು ಒಂದೇ ಗೆರೆಗೆ ನಿಂತರೆ ಆ ಎರಡು ಜಾಗದ ನೆಲ ಒಂದೇ ಮಟ್ಟದ್ದು. ಅಲ್ಲಿ ಗೂಟ ಹೊಡೆಯಬೇಕು. ಗೂಟದಿಂದ ಗೂಟಕ್ಕೆ ಹೋಗುವ ಗೆರೆಯ ಮೇಲೆಯೇ ಒಡ್ಡು ಹಾಕಬೇಕು. ಇಷ್ಟೇ ವಿದ್ಯೆ. ಆದರೆ ಮೂವತ್ತು ಜನರಲ್ಲಿ ಹೆಚ್ಚಿನವರು ಕೋಲನ್ನು ತಮಗೆ ಸರಿಕಂಡ ಕಡೆಗೆ ಎಳೆದೊಯ್ಯುತ್ತಿದ್ದರು.

“ಗೂಟ ಎಲ್ಲಿ ಬೀಳಬೇಕಂತ ಮೊದಲೇ ಮನಸ್ಸಿನಾಗ ಇಟ್ಕೊಂಡ್ರ ಕಣ್ಣು ಸುಳ್ಳ ಹೇಳ್ತದ್ರಿ,” ಎಂದು ಯಾಕೂಬಸಾಬ ಅವರಿಗೆ ತಿಳಿಹೇಳಿದ. “ಮೊದಲ ನೀರು ನೋಡ್ರಿ. ಆಮ್ಯಾಲ ಹೊಲ ನೋಡ್ರಿ.”

ಸುಂದರಬಾಯಿ ಕೋಲು ಹಿಡಿದಾಗ ಮಾತ್ರ ಅವನು ಏನೂ ಹೇಳಲಿಲ್ಲ. ಅವಳ ಹನ್ನೆರಡು ಗೂಟಗಳನ್ನು ಅವನು ತಾನೇ ಮತ್ತೊಮ್ಮೆ ಅಳೆದು ನೋಡಿದ. ಒಂದೂ ಬೆರಳಿನಷ್ಟು ತಪ್ಪಿರಲಿಲ್ಲ. ಗೂಟದಿಂದ ಗೂಟಕ್ಕೆ ಸುಣ್ಣ ಹಾಕಿ ದೂರ ನಿಂತು ನೋಡಿದಾಗ, ಬರಿಗಣ್ಣಿಗೆ ಕಾಣದ ಹೊಲದ ಮೈ ಆ ಬಿಳಿ ಗೆರೆಯಲ್ಲಿ ಸೊಟ್ಟಸೊಟ್ಟಗೆ ಎದ್ದು ಕಂಡಿತು. ಗಂಡ ಹೋದ ಮೇಲೆ ಅವಳಿಗೆ ಒಂದು ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯದಿದ್ದುದು ಅದೇ ಮೊದಲು.

ಊರಿಗೆ ಬಂದ ಮೇಲೆ ಗೆರೆ ಕೊಡುವ ಕೆಲಸ ಅವಳ ಪಾಲಿಗೇ ಬಂತು, ಬೇರೆ ಯಾರೂ ಕಲಿತು ಬಂದಿರಲಿಲ್ಲವಲ್ಲ. ಮೊದಲ ಎರಡು ಒಡ್ಡಿನ ಗೆರೆಗಳು ತಕರಾರಿಲ್ಲದೆ ಮುಗಿದವು. ಮೂರನೆಯದು ಗುಡ್ಡದ ಬುಡದಿಂದ ಹೊರಟು ಶಾಂತಲಿಂಗಪ್ಪನ ಹೊಲಕ್ಕೆ ಬಂತು. ಅಲ್ಲಿ ಅವನು ಎರಡು ಎಕರೆಯಲ್ಲಿ ನಿಂಬೆ ಹಾಕಿದ್ದ. ಮೂರು ವರ್ಷದ ಗಿಡಗಳು, ಮುಂದಿನ ವರ್ಷ ಕಾಯಿ ಹಿಡಿಯುವಂಥವು. ಗೂಟಗಳು ಒಂದೊಂದಾಗಿ ಆ ತೋಟದ ನಟ್ಟನಡುವೆ ಹೊಕ್ಕವು. ಒಡ್ಡಿನ ಅಗಲ ಹಿಡಿದರೆ ಮೂವತ್ತು ಗಿಡವಾದರೂ ಹೋಗುತ್ತಿದ್ದವು. ಸುಂದರಬಾಯಿ ಮೂರು ಸಲ ಅಳೆದಳು. ಮೂರು ಸಲವೂ ಗೆರೆ ಅಲ್ಲಿಗೇ ಬಂತು.

ಅವತ್ತು ಸಂಜೆ ಶಾಲೆಯ ಕಟ್ಟೆಯ ಮೇಲೆ ಸಂಘದ ಸಭೆ ಸೇರಿತು. ತೋಟದ ಹತ್ತಿರ ಗೆರೆಯನ್ನು ಸ್ವಲ್ಪ ಕೆಳಗೆ ಬಗ್ಗಿಸಿ, ತೋಟದ ಅಂಚಿನಲ್ಲಿ ಸುತ್ತಿಸಿ ತಂದರಾಯಿತು ಎಂದು ಶಾಂತಲಿಂಗಪ್ಪ ಹೇಳಿದ. ಅಂಚಿನ ಕೆಳಗಿನ ಹೊಲ ಧರ್ಮಣ್ಣನದು. ಅವನಿಗೆ ಇದ್ದದ್ದು ಅದೊಂದೇ, ಮೂರೆಕರೆ ಎರೆ ಹೊಲ. ಅವನೂ ತಲೆ ಆಡಿಸಿದ. ಸಂಘದ ಪುಸ್ತಕ ನೋಡಿಕೊಳ್ಳುತ್ತಿದ್ದ ಶಾಲೆಯ ಮಾಸ್ತರರು ಠರಾವು ಬರೆದರು. ಎಲ್ಲರೂ ಸಹಿ ಮಾಡಿದರು, ಧರ್ಮಣ್ಣ ಹೆಬ್ಬಟ್ಟು ಒತ್ತಿದ. ಪುಸ್ತಕ ಸುಂದರಬಾಯಿಯ ಮುಂದೆ ಬಂತು. ಅವಳು ಪೆನ್ನು ಮುಟ್ಟಲಿಲ್ಲ. ಭಾವನ ಕಡೆ ನೋಡದೆ ಮಾಸ್ತರರಿಗೆ ಹೇಳಿದಳು:

“ಅಲ್ಲಿ ನೆಲ ಒಂದೂವರಿ ಗೇಣು ಇಳೀತದ್ರಿ ಮಾಸ್ತರ. ನೀರು ಅಲ್ಲೇ ಕೂಡ್ತದ, ಅಲ್ಲೇ ಒಡೀತದ. ನಾ ಸಹಿ ಮಾಡಂಗಿಲ್ರಿ.”

 ಶಾಂತಲಿಂಗಪ್ಪ ಪುಸ್ತಕ ಮುಚ್ಚಿ, ಉಳಿದವರ ಸಹಿ ಸಾಕು ಎಂದ. ಸಿಟ್ಟು ಮಾಡಲಿಲ್ಲ. ಧ್ವನಿ ಏರಿಸಲಿಲ್ಲ.

ಮರುದಿನ ಬೆಳಿಗ್ಗೆ ಮಜ್ಜಿಗೆ ಬರಲಿಲ್ಲ. ನೆಗೆಣ್ಣಿಗೆ ಮೈಗೆ ಆರಾಮವಿಲ್ಲವೇನೋ ಎಂದು ಸುಂದರಬಾಯಿ ನಡುಬಾಗಿಲು ನೂಕಿದಳು. ಆ ಕಡೆಯಿಂದ ಅಗುಳಿ ಬಿದ್ದಿತ್ತು. ಒಂದು ಸಲ ಅಕ್ಕಾ ಎಂದು ಕರೆದಳು. ಒಳಗೆ ಬಳೆಯ ಸದ್ದು ಕೇಳಿಸಿತು, ಉತ್ತರ ಬರಲಿಲ್ಲ. ಎರಡನೇ ಸಲ ಕರೆಯಲು ಅವಳಿಗೆ ನಾಚಿಕೆಯಾಯಿತು.

ಅಲ್ಲಿಂದ ಅವಳ ಒಂಟಿತನ ಶುರುವಾಯಿತು. ಗಂಡ ಸತ್ತಾಗ ಬಂದ ಒಂಟಿತನದಲ್ಲಿ ಜನರಿದ್ದರು, ಅಳುವುದಕ್ಕೆ ಜೊತೆಯಿತ್ತು. ಇದರಲ್ಲಿ ಯಾರೂ ಇರಲಿಲ್ಲ. ಗೋಡೆಯ ಆಚೆ ಎಲ್ಲ ಕೇಳಿಸುತ್ತಿತ್ತು: ರೊಟ್ಟಿ ಬಡಿಯುವ ಸದ್ದು, ಮಕ್ಕಳ ಜಗಳ, ಭಾವನ ಕೆಮ್ಮು. ಈಚೆ ಅವಳು ಒಂದು ರೊಟ್ಟಿ ಬಡಿದು, ಒಲೆಯ ಮುಂದೆ ಕೂತು ತಿಂದು, ತಾಟು ತೊಳೆದು ಬೋರಲು ಹಾಕುತ್ತಿದ್ದಳು. ಬಾವಿಯ ಹತ್ತಿರ ಅವಳು ಬಂದರೆ ಉಳಿದ ಹೆಂಗಸರ ಮಾತು ಸಣ್ಣಗಾಗುತ್ತಿತ್ತು. ಸಂಘದ ಅಧ್ಯಕ್ಷನ ಮನೆಯವರು ಬಿಟ್ಟವಳನ್ನು ಮಾತಾಡಿಸಿ ಯಾರು ನಿಷ್ಠುರ ಕಟ್ಟಿಕೊಳ್ಳುತ್ತಾರೆ? ಮೂರನೇ ಒಡ್ಡು ತೋಟ ಸುತ್ತಿಕೊಂಡು ಏಳತೊಡಗಿತ್ತು. ಅವಳು ತನ್ನ ಹೊಲಕ್ಕೆ ಹೋಗುವಾಗ ಬರುವಾಗ ಅದನ್ನು ನೋಡುತ್ತಿದ್ದಳು. ಹೇಳುವುದನ್ನು ಹೇಳಿ ಆಗಿದೆ ಎಂದುಕೊಂಡು ಸುಮ್ಮನೆ ದಾಟಿ ಹೋಗುತ್ತಿದ್ದಳು.

ಆ ವರ್ಷ ಉತ್ತರಿ ಮಳೆ ಒಂದೇ ದಿನದಲ್ಲಿ ಸುರಿಯಿತು. ಮಧ್ಯಾಹ್ನ ಮಳೆ ನಿಂತ ಮೇಲೆ, ಮೂರನೇ ಒಡ್ಡು ಒಡೆಯಿತು ಎಂದು ಓಣಿಯಲ್ಲಿ ಯಾರೋ ಕೂಗಿಕೊಂಡು ಹೋದದ್ದು ಕೇಳಿಸಿತು. ಅವಳ ಬಾಗಿಲಿಗೆ ಬಂದು ಯಾರೂ ಹೇಳಲಿಲ್ಲ. ಮರುದಿನ ಜನ ಎಲ್ಲ ನೋಡಿ ಬಂದ ಮೇಲೆ ಅವಳು ಹೋದಳು. ತೋಟದ ಮೂಲೆಯಲ್ಲಿ, ಗೆರೆ ಬಗ್ಗಿಸಿದ್ದ ಜಾಗದಲ್ಲೇ, ಒಡ್ಡು ಎರಡು ಗಾಡಿ ಅಗಲಕ್ಕೆ ಬಾಯಿ ಬಿಟ್ಟಿತ್ತು. ಅದರ ಕೆಳಗೆ ಧರ್ಮಣ್ಣನ ಹೊಲದ ಅರ್ಧ ಭಾಗ ಇರಲೇ ಇಲ್ಲ. ಮೊಣಕಾಲೆತ್ತರದ ತೊಗರಿ, ಅದರ ಕೆಳಗಿನ ಕರಿಮಣ್ಣು ಎರಡೂ ಕೊಚ್ಚಿಹೋಗಿ ಬಿಳಿಯ ಗರಸು ಮೇಲೆದ್ದಿತ್ತು. ಧರ್ಮಣ್ಣ ಬದುವಿನ ಮೇಲೆ ಕೂತಿದ್ದ. ಅವಳು ಅವನ ಹತ್ತಿರ ಹೋಗಿ ನಿಂತಳು. ಅವನು ತಲೆ ಎತ್ತಿ ನೋಡಿದ.

“ನಿಮಗ ಗೊತ್ತಿತ್ತು ಅಕ್ಕಾರ,” ಎಂದ.

ಅವಳು ಬಗ್ಗಿ ಒಂದು ಹಿಡಿ ಗರಸು ಎತ್ತಿಕೊಂಡಳು.

“ನನಗ ಓದಾಕ ಬರಂಗಿಲ್ಲ, ಅಳ್ಯಾಕ ಬರಂಗಿಲ್ಲ. ದೊಡ್ಡವರು ಹೇಳಿದ್ರು, ಹೆಬ್ಬಟ್ಟು ಒತ್ತಿದೆ. ನಿಮಗ ಗೊತ್ತಿತ್ತಲ್ರಿ. ಒಂದ್ ಸಲ ಹೇಳಿ ಸುಮ್ಮನಾದ್ರಿ. ನನ್ನ ಮನಿಗಿ ಬಂದು ಇನ್ನೊಂದ್ ಸಲ ಯಾಕ ಹೇಳ್ಲಿಲ್ಲ?”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿ ಕೇಳಿದ್ದ.  ಊರವರೆಲ್ಲ ಮಾತು ಬಿಟ್ಟದ್ದಕ್ಕಿಂತ ಆ ಒಂದು ಪ್ರಶ್ನೆ ಅವಳನ್ನು ಹೆಚ್ಚು ಸುಟ್ಟಿತು. ಸಹಿ ಮಾಡದೆ ಬಂದದ್ದೇ ದೊಡ್ಡದು ಎಂದು ಅವಳು ಮನಸ್ಸಿನಲ್ಲಿ ಎಲ್ಲೋ ಹೆಮ್ಮೆ ಇಟ್ಟುಕೊಂಡಿದ್ದಳು. ಒಡ್ಡು ಏಳುತ್ತಿದ್ದ ಅಷ್ಟೂ ದಿನ ಧರ್ಮಣ್ಣನ ಮನೆಗೆ ಹೋಗಿ ಹೇಳಬಹುದೆಂಬ ಯೋಚನೆ ಅವಳಿಗೆ ಒಂದು ದಿನವೂ ಬಂದಿರಲಿಲ್ಲ.

ದೀಪಾವಳಿಯ ನಂತರ ಯಾಕೂಬಸಾಬ ಒಡೆದ ಒಡ್ಡು ನೋಡಲು ಬಂದ. ಗೆರೆ ಯಾರು ಕೊಟ್ಟರು ಎಂದು ಕೇಳಿದಾಗ ಸಂಘದವರು, ತರಬೇತಿಗೆ ಹೋಗಿ ಬಂದ ಸುಂದರಬಾಯಿಯೇ ಕೊಟ್ಟದ್ದು ಎಂದರು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಅವನು ವಾದ ಮಾಡದೆ ಠರಾವು ಪುಸ್ತಕ ತರಿಸಿ ನೋಡಿದ. ಅವಳ ಹೆಸರಿನ ಮುಂದೆ ಖಾಲಿ ಜಾಗವಿತ್ತು. ಅಲ್ಲಿಂದ ನೇರ ಅವಳ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ನೀರು ಕೇಳಿ ಕುಡಿದ. ನಡೆದದ್ದನ್ನು ಅವಳು ನಾಲ್ಕು ಮಾತಿನಲ್ಲಿ ಹೇಳಿದಳು. ಧರ್ಮಣ್ಣ ಕೇಳಿದ್ದನ್ನೂ ಹೇಳಿದಳು.

“ನಾನೂ ಎಷ್ಟೋ ಕಡಿ ಒಂದೇ ಸಲ ಹೇಳಿ ಬಂದೀನಿ ತಂಗಿ,” ಎಂದ ಯಾಕೂಬಸಾಬ. ಚೊಂಬು ಕೆಳಗಿಟ್ಟು ಕೇಳಿದ: “ನನ್ನ ಜತಿ ಕಲಿಸಾಕ ಬರ್ತಿ ಏನು? ನನ್ನ ಕೈ ನಡಗಾಕತ್ಯಾವ. ಕೋಲು ನೆಟ್ಟಗ ನಿಲ್ಲಂಗಿಲ್ಲ.”

ಅವಳು ಆ ದಿನವೇ ಹೂಂ ಎಂದಳು. ಮನೆಯಲ್ಲಿ ಕೇಳಬೇಕಾದವರು ಯಾರೂ ಇರಲಿಲ್ಲ.

ಮುಂದಿನ ಎರಡೂವರೆ ವರ್ಷ ಸುಂದರಬಾಯಿ ಮೂರು ತಾಲೂಕು ತಿರುಗಿದಳು. ಆಳಂದ, ಅಫಜಲಪುರ, ಜೇವರ್ಗಿ. ತಿಂಗಳಿಗೆ ಎರಡು ಶಿಬಿರ, ಕೆಲವು ಸಲ ಮೂರು. ಒಂದು ಚೀಲದಲ್ಲಿ ಎರಡು ಸೀರೆ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಪೈಪು. ಶಾಲೆಯ ಕೋಣೆಯಲ್ಲೋ, ಮಠದ ಪಡಸಾಲೆಯಲ್ಲೋ ವಸತಿ. ಮೊದಮೊದಲು ಯಾಕೂಬಸಾಬ ಹೇಳುತ್ತಿದ್ದ, ಅವಳು ಕೋಲು ಹಿಡಿಯುತ್ತಿದ್ದಳು. ವರ್ಷ ತಿರುಗುವುದರೊಳಗೆ ಅವಳೇ ಹೇಳತೊಡಗಿದಳು, ಅವನು ಗಿಡದ ನೆರಳಲ್ಲಿ ಕೂತು ಕೇಳುತ್ತಿದ್ದ. ಪ್ರತಿಯೊಂದನ್ನೂ ಅವಳು ಎರಡು ಸಲ ಹೇಳುತ್ತಿದ್ದಳು. ಶಿಬಿರ ಮುಗಿದ ಮೇಲೂ ಊರು ಬಿಡುವ ಮುಂಚೆ, ಇಳಿಜಾರಿನ ತೀರಾ ಕೆಳಗಿನ ಹೊಲ ಯಾರದು ಎಂದು ಕೇಳಿ, ಅವರ ಮನೆ ಹುಡುಕಿಕೊಂಡು ಹೋಗಿ ಇನ್ನೊಮ್ಮೆ ಹೇಳಿ ಬರುತ್ತಿದ್ದಳು. ಕೆಲವರು ಚಹಾ ಕೊಟ್ಟು ಕೇಳುತ್ತಿದ್ದರು. ಕೆಲವರು ಈ ಹೆಂಗಸಿಗೆ ತಲೆ ಸರಿಯಿಲ್ಲವೇನೋ ಎಂಬಂತೆ ನೋಡುತ್ತಿದ್ದರು.

ನೆಲೋಗಿಯ ಶಿಬಿರದಲ್ಲಿ ಹೆಂಗಸರು ಅವಳನ್ನು ನಡುವೆ ಕೂಡಿಸಿಕೊಂಡು ಮಕ್ಕಳೆಷ್ಟು, ಊರಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು. ಭಾವ ಇದ್ದಾರೆ, ಅಕ್ಕ ಇದ್ದಾಳೆ, ಮೂವರು ಮಕ್ಕಳಿದ್ದಾರೆ ಎಂದಳು.  ಆ ಹೆಂಗಸರು ಬೀಳ್ಕೊಡುವಾಗ ಬಸ್ಸಿನವರೆಗೂ ಬಂದು ಬುತ್ತಿ ಕಟ್ಟಿ ಕೊಟ್ಟರು. ಆದರೆ ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಅವರಲ್ಲಿ ಅರ್ಧ ಜನಕ್ಕೆ ಅವಳ ಹೆಸರು ನೆನಪಿರಲಿಲ್ಲ. ಸುಂದರಬಾಯಿ ಎನ್ನದೆ ಪೈಪಿನ ಬಾಯಿ ಎನ್ನುತ್ತಿದ್ದರು. ನಾಲ್ಕು ದಿನ ಒಂದು ಊರಿನ ಎಲ್ಲ ಮಾತು ಕೇಳಿ, ಐದನೇ ದಿನ ಆ ಊರನ್ನೇ ಬಿಟ್ಟು ಬರುವುದು. ಹುಣಸವಾಡಿಗೆ ಬಂದರೆ ಬೀಗ ತೆಗೆದು, ಕಸ ಹೊಡೆದು, ಒಂದು ರೊಟ್ಟಿ ಬಡಿಯುವುದು. ಆ ಕಡೆ ಮಕ್ಕಳು ದೊಡ್ಡವರಾಗುತ್ತಿದ್ದುದು ಅವಳಿಗೆ ಅವರ ಧ್ವನಿಯಿಂದ ಮಾತ್ರ ತಿಳಿಯುತ್ತಿತ್ತು. ಹಿರಿಯ ಹುಡುಗಿಯ ಓದುವ ಧ್ವನಿ ಒಂದು ವರ್ಷದಲ್ಲಿ ಹೆಂಗಸಿನ ಧ್ವನಿಯಾಗಿ ಹೋಗಿತ್ತು.

೧೯೯೮ರ ಫೆಬ್ರವರಿಯಲ್ಲಿ ಜೇವರ್ಗಿಯಲ್ಲಿ ಒಂದು ಬೇರೆ ಬಗೆಯ ಶಿಬಿರ ನಿಶ್ಚಯವಾಯಿತು. ಮೂರು ತಾಲೂಕುಗಳಲ್ಲಿ ಯಾವ ಯಾವ ಊರಿನ ಒಡ್ಡು ಒಡೆದಿದ್ದವೋ ಆ ಸಂಘಗಳನ್ನು ಕರೆಸಿ ಮತ್ತೆ ಕಲಿಸುವುದು. ಯಾಕೂಬಸಾಬ ತಂದ ಯಾದಿಯಲ್ಲಿ ಆರು ಊರುಗಳಿದ್ದವು. ಐದನೆಯದು ಹುಣಸವಾಡಿ. ಯಾದಿ ಕೊಡುತ್ತ ಅವನು, ಬೇಡವಾದರೆ ಬಿಡು, ನಾನೇ ಹೇಗೋ ನಡೆಸುತ್ತೇನೆ ಎಂದ. ಅವಳಿಗೂ ಜ್ವರ ಎಂದು ಹೇಳಿ ತಪ್ಪಿಸಿಕೊಳ್ಳುವ ಯೋಚನೆ ಬಂತು. ಆದರೆ ಯಾದಿ ಹಿಡಿದಿದ್ದ ಅವನ ಕೈಯಲ್ಲಿ ಕಾಗದ ಪಟಪಟನೆ ಅಲುಗುತ್ತಿತ್ತು. ಬರುತ್ತೇನೆ ಎಂದಳು.

ಹುಣಸವಾಡಿಯಿಂದ ಆರು ಜನ ಬಂದರು. ಶಾಂತಲಿಂಗಪ್ಪ ಅಧ್ಯಕ್ಷನಾಗಿ ಬರಲೇಬೇಕಿತ್ತು. ಧರ್ಮಣ್ಣನೂ ಬಂದಿದ್ದ. ಒಡ್ಡು ಒಡೆದ ಮೇಲೆ ಅವರಿಬ್ಬರಿಗೂ ಮಾತಿರಲಿಲ್ಲ. ಕಲಿಸುವವಳು ಯಾರೆಂದು ಹುಣಸವಾಡಿಯವರಿಗೆ ಯಾರೂ ಮುಂಚೆ ಹೇಳಿರಲಿಲ್ಲ. ಸುಂದರಬಾಯಿ ಕೋಣೆಯೊಳಗೆ ಬಂದು ಕರಿಹಲಗೆಯ ಮುಂದೆ ನಿಂತಾಗ ಶಾಂತಲಿಂಗಪ್ಪ ಎದ್ದು ಹಿಂದಿನ ಸಾಲಿಗೆ ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಅವಳು ಸೆರಗು ಹಣೆಯವರೆಗೆ ಎಳೆದುಕೊಂಡು, ಗೋಡೆಯ ಮೇಲಿನ ಒಂದು ಬಿಂದುವನ್ನು ನೋಡುತ್ತ ಪಾಠ ಹೇಳಿದಳು.  ಯಾವ ಊರಿನ ಒಡ್ಡು ಎಲ್ಲಿ ಒಡೆಯಿತು ಎಂಬ ಮಾತು ಬಂದಾಗ ಐದು ಊರಿನದು ಹೇಳಿದಳು. ಹುಣಸವಾಡಿಯದು ಹೇಳಲಿಲ್ಲ. ಊಟಕ್ಕೆ ಕೂತಾಗ ಆರೂ ಜನ ಅವಳಿಗೆ ಬೆನ್ನು ಮಾಡಿ ಕೂತರು. ಎರಡು ದಿನ ಹೀಗೇ ಕಳೆಯಿತು.

ಮೂರನೇ ದಿನ ಹೊಲದಲ್ಲಿ ಕೆಲಸ. ಊರಿಗೊಂದು ಪೈಪು, ಎರಡು ಕೋಲು. ಜೋಡಿಜೋಡಿಯಾಗಿ ಎಲ್ಲರೂ ಸರದಿ ಹಿಡಿಯಬೇಕು. ಹುಣಸವಾಡಿಯ ನಾಲ್ವರು ತಮ್ಮ ತಮ್ಮ ಸರದಿ ಮುಗಿಸಿದರು. ಉಳಿದವರು ಶಾಂತಲಿಂಗಪ್ಪ ಮತ್ತು ಧರ್ಮಣ್ಣ. ಶಾಂತಲಿಂಗಪ್ಪ ಕೋಲು ಹಿಡಿದು ನಿಂತ. ಧರ್ಮಣ್ಣ ಇನ್ನೊಂದು ಕೋಲನ್ನು ನೋಡಿದ, ಮುಟ್ಟಲಿಲ್ಲ. ಹೆಗಲ ಮೇಲಿನ ಟವೆಲು ಜಾಡಿಸಿ ದೂರ ಹೋಗಿ ಬನ್ನಿಗಿಡದ ಕೆಳಗೆ ನಿಂತುಬಿಟ್ಟ. ಉಳಿದವರು ನೆಲ ನೋಡತೊಡಗಿದರು. ಬೇರೆ ಊರಿನವರೂ ಕೆಲಸ ನಿಲ್ಲಿಸಿ ಈ ಕಡೆ ನೋಡಿದರು. ಕೈಯಲ್ಲಿ ಕೋಲು ಹಿಡಿದು ಒಬ್ಬನೇ ನಿಂತ ಶಾಂತಲಿಂಗಪ್ಪನ ಮುಖ ಕೆಂಪಾಯಿತು. ಅಷ್ಟು ದೊಡ್ಡ ಮನುಷ್ಯ ಹಾಗೆ ಯಾರೂ ಇಲ್ಲದೆ ನಿಂತದ್ದನ್ನು ಸುಂದರಬಾಯಿ ಹಿಂದೆಂದೂ ನೋಡಿರಲಿಲ್ಲ. ಅವಳು ಹೋಗಿ ಆ ಕೋಲು ತೆಗೆದುಕೊಂಡಳು.

ಹತ್ತು ಮಾರು ಅಂತರ. ನಡುವೆ ನೀರಿನ ಪೈಪು. ಈ ಕೆಲಸ ಮಾತಿಲ್ಲದೆ ಆಗುವಂಥದ್ದಲ್ಲ. ನೆಗೆಣ್ಣಿಯ ಬಾಯಿಂದ ಹೇಳಿಸುವುದಕ್ಕೆ ಅಲ್ಲಿ ನೆಗೆಣ್ಣಿಯೂ ಇರಲಿಲ್ಲ.

“ನನ್ನ ಕಡಿ ತೊಂಬತ್ತೆಂಟು. ನಿಮ್ಮ ಕಡಿ ಎಷ್ಟದ್ರಿ ಭಾವಾರ?”

ಇಪ್ಪತ್ತು ವರ್ಷದಲ್ಲಿ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವನು ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದ.

“ನೂರಾ ಎರಡು.”

“ನಿಮ್ಮ ಕಡಿ ನೆಲ ತಗ್ಗದ. ಮ್ಯಾಲ ಸರೀರಿ. ಮ್ಯಾಲ ಸರೀರಿ, ಒಂದು ಹೆಜ್ಜಿ.”

ಅವನು ಸರಿದ. ನೂರಾ ಒಂದು ಎಂದ. ಅವಳು ಇನ್ನೊಂದು ಹೆಜ್ಜೆ ಎಂದಳು. ನೂರು ಎಂದ. ಅವಳ ಕೋಲಿನಲ್ಲೂ ನೂರಕ್ಕೆ ನಿಂತಿತ್ತು. ಗೂಟ ಹೊಡೆಸಿದರು. ಹೀಗೆ ಒಂದು, ಎರಡು, ಮೂರು. ನಾಲ್ಕನೇ ಗೂಟದ ಹತ್ತಿರ ಪೈಪಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡಿತು. ಏನು ಮಾಡಬೇಕು ಎಂದು ಅವನೇ ಕೇಳಿದ. ಎತ್ತಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಬೇಕು ಎಂದು ಅವಳು ಹೇಳಿದಳು, ಎರಡು ಸಲ. ಅವನು ತಟ್ಟಿದ. ಗುಳ್ಳೆ ಮೇಲೆ ಬಂದು ಒಡೆಯಿತು. ಎಂಟನೇ ಗೂಟದ ಹೊತ್ತಿಗೆ ಗೆರೆ, ಯಾರೂ ನೆನೆಸದ ಕಡೆ, ಹೊಲದ ಒಡೆಯನ ದನದ ಕೊಟ್ಟಿಗೆಯ ಕಡೆಗೇ ತಿರುಗಿತು. ಕೊಟ್ಟಿಗೆಯ ಗೋಡೆಯ ಮುಂದೆ ಶಾಂತಲಿಂಗಪ್ಪ ಕೋಲು ಊರಿ ನಿಂತ. ಅಳತೆ ಹೇಳಲಿಲ್ಲ. ಹಿಂದೆ ತಿರುಗಿ ಎಂಟು ಗೂಟಗಳನ್ನೂ ನೋಡಿದ. ಬಹಳ ಹೊತ್ತು ನೋಡಿದ. ಸುಂದರಬಾಯಿ ಪೈಪು ಸುತ್ತುತ್ತ ಅವನ ಹತ್ತಿರಕ್ಕೆ ಬಂದಳು. ಪೈಪು ಸುತ್ತಬೇಕಾದರೆ ಬರಲೇಬೇಕಿತ್ತು.

“ಪಾಲಿನ ಸಿಟ್ಟು ಅಂತ ತಿಳದಿದ್ದೆ,” ಎಂದ ಅವನು, ಕೊಟ್ಟಿಗೆಯ ಕಡೆ ನೋಡುತ್ತ. “ತ್ವಾಟದ ಹೊಲ ನನ್ನ ಪಾಲಿಗಿ ಬಂತು, ಕಲ್ಲಿನ ಹೊಲ ನಿನಗ ಬಂತು. ಅದಕ್ಕ ಗೆರಿ ತ್ವಾಟದಾಗ ಎಳದಿ ಅಂತ ತಿಳದಿದ್ದೆ.”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಪಾಲಿನ ಮಾತು ಅವಳ ಮನಸ್ಸಿನಲ್ಲಿ ಎಂದೂ ಸುಳಿದಿರಲಿಲ್ಲ. ಅರ್ಥವಾದ ಮೇಲೆ, ಇಷ್ಟು ವರ್ಷ ಗೋಡೆಯ ಆಚೆ ಅವರು ತನ್ನನ್ನು ಅಂಥವಳೆಂದು ನಂಬಿಕೊಂಡೇ ಉಣ್ಣುತ್ತ ಮಲಗುತ್ತ ಇದ್ದರು ಎಂಬುದು ಅವಳಿಗೆ ತಿಳಿಯಿತು. ಕೈಯಲ್ಲಿದ್ದ ಪೈಪಿನ ನೀರು ಜಾರಿ ಕಾಲ ಮೇಲೆ ಸುರಿಯಿತು.

“ಆ ಗಿಡಕ್ಕ ಎರಡು ಬ್ಯಾಸಿಗಿ ನಾನೂ ನೀರು ಹೊತ್ತೀನ್ರಿ,” ಎಂದಳು. “ಅಕ್ಕಾಗ ಮೂರನೇದರ ಬಸರು, ಬಾಣಂತನ ಇತ್ತು. ಹಳ್ಳದಿಂದ ದಿನಾ ನಾಕು ಕೊಡ ಹೊತ್ತೀನಿ. ಕಡೀಬೇಕಂದಾಗ ನನಗ ಸುಖ ಆಗಿತ್ತೇನ್ರಿ?”

ಶಾಂತಲಿಂಗಪ್ಪ ಕೋಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ, ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡು, ತನ್ನವರ ಕಡೆ ನಡೆದ. ಆ ದಿನ ಊಟದ ಹೊತ್ತಿಗೂ ಹುಣಸವಾಡಿಯವರು ದೂರವೇ ಕೂತರು. ಮರುದಿನ ಶಿಬಿರ ಮುಗಿಯಿತು. ಜೇವರ್ಗಿಯಿಂದ ಕಲಬುರ್ಗಿ, ಕಲಬುರ್ಗಿಯಿಂದ ಆಳಂದ, ಆಳಂದದಿಂದ ಮಾದನಹಿಪ್ಪರಗಾ, ಪ್ರತಿ ಸಲವೂ ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದರು. ಇಳಿದ ಮೇಲೆ ಹುಣಸವಾಡಿಗೆ ಮೂರು ಮೈಲಿ ನಡಿಗೆ. ಗಂಡಸರು ಮುಂದೆ ಹೋದರು. ಅವಳು ಹಿಂದೆ ನಡೆದಳು. ಅವರು ಬೇಗ ಬೇಗ ಹೆಜ್ಜೆ ಹಾಕಲಿಲ್ಲ, ನಿಲ್ಲಲೂ ಇಲ್ಲ. ಊರು ಮುಟ್ಟುವವರೆಗೂ ಆ ಅಂತರ ಅಷ್ಟೇ ಇತ್ತು.

ಆ ಬೇಸಿಗೆ ಅವಳು ಅಫಜಲಪುರದ ಕಡೆಯ ನಾಲ್ಕು ಊರುಗಳಲ್ಲಿ ಒಂದೂವರೆ ತಿಂಗಳು ಇದ್ದಳು. ಯಾಕೂಬಸಾಬನಿಗೆ ಈಗ ಏಳಲು ಆಗುತ್ತಿರಲಿಲ್ಲ. ಅವನ ಹೆಂಡತಿ ಪ್ಯಾರಿಬಿ ಶಿಬಿರದ ನಡುವೆ ಅವಳನ್ನು ಮನೆಗೆ ಕರೆಸಿ ಊಟ ಹಾಕುತ್ತಿದ್ದಳು. ಅವನು ಮಂಚದ ಮೇಲೆ ಮಲಗಿಯೇ ಎಷ್ಟು ಗೂಟ ಆಯಿತು, ಯಾವ ಊರು ತಕರಾರು ಮಾಡಿತು ಎಂದು ಕೇಳುತ್ತಿದ್ದ. ರೋಹಿಣಿ ಮಳೆಯ ಹೊತ್ತಿಗೆ ಅವನು ತೀರಿಕೊಂಡ. ಮಣ್ಣು ಮುಗಿಸಿ ಬಂದ ಗಂಡಸರು ಮನೆಯ ಮುಂದೆ ಕೂತರು, ಅವಳು ಒಳಗೆ ಪ್ಯಾರಿಬಿಯ ಹತ್ತಿರ ಕೂತಳು. ಎರಡು ದಿನ ಇದ್ದು ಊರಿಗೆ ಹೊರಟಳು.

ಹುಣಸವಾಡಿಗೆ ಬರುವ ದಾರಿಯಲ್ಲೇ ಮೂರನೇ ಒಡ್ಡು ಕಂಡಿತು. ತೋಟದ ಸುತ್ತ ಬಗ್ಗಿದ್ದ ಹಳೆಯ ಒಡ್ಡು ಅಲ್ಲಿರಲಿಲ್ಲ. ಹೊಸ ಒಡ್ಡು ತೋಟದ ನಡುವೆ ಹಾದುಹೋಗಿತ್ತು. ಕಡಿದ ನಿಂಬೆಯ ಕೊಂಬೆಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಅವಳು ಚೀಲ ಇಳಿಸಿ ಒಡ್ಡಿನ ಉದ್ದಕ್ಕೂ ನಡೆದು ಹೋದಳು. ಗೆರೆ ಸರಿಯಾಗಿತ್ತು. ಪೈಪು ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ಅವಳಿಲ್ಲದಾಗ ಅಳೆದಿದ್ದರು, ಅವಳನ್ನು ಕರೆಯದೆ ಕಟ್ಟಿದ್ದರು, ಮತ್ತು ಸರಿಯಾಗಿ ಕಟ್ಟಿದ್ದರು. ಕಲಿಸಿದ್ದು ಬಂದಿದೆ ಎಂದು ಸಂತೋಷವಾಯಿತು. ಆ ಸಂತೋಷವನ್ನು ಯಾರಿಗೆ ಹೇಳಬೇಕೆಂದು ಯೋಚಿಸಿದಾಗ ನೆನಪಿಗೆ ಬಂದದ್ದು ಯಾಕೂಬಸಾಬನ ಮುಖ. ಅವಳು ಬದುವಿನ ಮೇಲೆ ಕೂತು ಅತ್ತಳು.

ಮರುದಿನ ಬೆಳಿಗ್ಗೆ ಸುಭದ್ರಾಬಾಯಿ ನಡುಬಾಗಿಲು ತೆಗೆದು ಈ ಕಡೆ ಬಂದಳು. ಮಜ್ಜಿಗೆಯ ಚೊಂಬು ಒಲೆಯ ಪಕ್ಕ ಇಟ್ಟು ಕೂತಳು. ಕೂದಲು ಬಹಳ ಬೆಳ್ಳಗಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬೇರೆ ಕಡೆ ನೋಡಿದರು. ಹಿರಿಯ ಹುಡುಗಿಗೆ ಗಂಡು ನೋಡುತ್ತಿದ್ದಾರಂತೆ. ಕರಿ ಆಕಳು ಸತ್ತಿತಂತೆ. ಬಾವಿಯ ಗಾಲಿ ಬದಲಿಸಿದರಂತೆ. ಸುಂದರಬಾಯಿ ಹೌದಾ ಎಂದಳು, ಪ್ರತಿಯೊಂದಕ್ಕೂ. ಅಷ್ಟಕ್ಕೆ ಮಾತು ಮುಗಿದು ಹೋಯಿತು. ಹೊಸ್ತಿಲ ಆಚೆ ಈಚೆ ಕೂತು ದಿನಗಟ್ಟಲೆ ಆಡುತ್ತಿದ್ದ ಮಾತುಗಳೆಲ್ಲ ಏನಾಗಿದ್ದವೋ, ಒಂದೂ ನಾಲಿಗೆಗೆ ಬರಲಿಲ್ಲ. ಎದ್ದು ನಿಂತ ಸುಭದ್ರಾಬಾಯಿ ಹೊರಡಲಾರದೆ, “ಸೊರಗಿದಿ ನೋಡು,” ಎಂದಳು. ಸುಂದರಬಾಯಿ, “ನೀನೂ ಸೊರಗಿದಿ ಅಕ್ಕಾ,” ಎಂದಳು. ಅಂದಿನಿಂದ ಮಜ್ಜಿಗೆ ಬರುತ್ತಿತ್ತು, ಅವಳು ಊರಲ್ಲಿದ್ದ ದಿನಗಳಲ್ಲಿ. ಅಂಥ ದಿನಗಳು ತಿಂಗಳಿಗೆ ಏಳೋ ಎಂಟೋ ಮಾತ್ರ. ಯಾಕೂಬಸಾಬ ಹೋದ ಮೇಲೆ ಮೂರು ತಾಲೂಕಿನ ಶಿಬಿರವೂ ಅವಳ ಮೇಲೆಯೇ ಬಿದ್ದಿತ್ತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ, ದೊಡ್ಡ ಮಳೆ ಹೋದ ವಾರ, ಅವಳು ಅಫಜಲಪುರದ ಬಸ್ಸಿನಲ್ಲಿದ್ದಳು. ಪಕ್ಕದ ಸೀಟಿನಲ್ಲಿ ಎಮ್ಮೆ ವ್ಯಾಪಾರದವನೊಬ್ಬ ಕೂತಿದ್ದ. ಸಂತೆಗೆಂದು ಆಳಂದದ ಕಡೆಯೆಲ್ಲ ಸುತ್ತಿ ಬಂದವನು. ಎದುರಿಗೆ ಕೂತವನಿಗೆ ಮಳೆಯ ಸುದ್ದಿ ಹೇಳುತ್ತಿದ್ದ. ಎಲ್ಲ ಕಡೆ ಒಡ್ಡು ಕಿತ್ತು ಹೋಗಿವೆ, ಮಾದನಹಿಪ್ಪರಗಾದ ಹತ್ತಿರ ಒಂದು ಸಣ್ಣ ಊರಲ್ಲಿ ಮಾತ್ರ ಒಂದೂ ಕಿತ್ತಿಲ್ಲ ಎಂದ. ಅಲ್ಲಿಯ ಅಧ್ಯಕ್ಷ ತನ್ನ ಕೈಯಾರೆ ಮೂವತ್ತು ನಿಂಬೆಗಿಡ ಕಡಿದು ಒಡ್ಡಿಗೆ ಜಾಗ ಕೊಟ್ಟನಂತೆ. ಅಂಥ ಮನುಷ್ಯರು ಊರಿಗೊಬ್ಬರಿದ್ದರೆ ಸಾಕು ಎಂದ.

ಸುಂದರಬಾಯಿ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು: “ಕೆಳಗಿನ ಹೊಲ ಹ್ಯಾಂಗದ್ರಿ?”

“ಯಾವ ಕೆಳಗಿನ ಹೊಲ?”

“ಒಡ್ಡಿನ ಕೆಳಗ ಒಬ್ಬ ಬಡವಂದು ಮೂರೆಕರೆ ಅದ. ಅರ್ಧ ಗರಸು ಎದ್ದಿತ್ತು.”

ಅವನು ನೆನಪು ಮಾಡಿಕೊಂಡ. ಹೌದು, ಅಲ್ಲಿ ಒಬ್ಬಾತ ಗರಸಿನ ಮೇಲೆ ಕೆರೆಯ ಮಣ್ಣು ಹೊಡೆಸಿ ತೊಗರಿ ಬಿತ್ತಿದ್ದಾನೆ, ಸೊಂಟದೆತ್ತರ ಬಂದಿದೆ ಎಂದ. ಆಮೇಲೆ ಅವಳನ್ನು ನೋಡಿ, ತಾವು ಅದೇ ಊರಿನವರೋ ಎಂದು ಕೇಳಿದ.

“ಹೌದ್ರಿ,” ಎಂದಳು. “ಅಲ್ಲೇ ನನ್ನ ಮನಿ ಅದ.”

ಅವನು ಇನ್ನೇನೋ ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ನಿಂತಿತು. ಅವಳು ಇಳಿಯಬೇಕಾದ ಊರು ಅದೇ. ಎರಡು ಚೀಲ ಹೆಗಲಿಗೆ ಹಾಕಿಕೊಂಡು ಇಳಿದಳು. ರಸ್ತೆಯಿಂದ ಶಾಲೆಗೆ ಅರ್ಧ ಮೈಲಿ ಎಂದು ಯಾರೋ ಹೇಳಿದರು. ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಹೊಲಗಳ ನಡುವಿನ ಕೆಸರು ದಾರಿಯಲ್ಲಿ ಅವಳು ಎಡಕ್ಕೂ ಬಲಕ್ಕೂ ನೆಲ ಇಳಿಯುವುದನ್ನು ನೋಡುತ್ತ, ತ್ವರೆ ಮಾಡದೆ ನಡೆದಳು.